ಸಿನಿಮಾದಲ್ಲಿ ಸತ್ತ ಏಕನಾಥ ಔರಾದದಲ್ಲಿ ಬೆಸುಗೆ ಹಾಕುತ್ತಿದ್ದಾರೆ

ಬೀದರಕ್ಕೆ ಹೋಗುವ ಮೊದಲ ಬಸ್ಸು ಔರಾದ ನಿಲ್ದಾಣವನ್ನು ಇನ್ನೂ ಬಿಟ್ಟಿಲ್ಲ. ರಸ್ತೆ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಆಗಲೇ ನೀಲಿ ಕಿಡಿ ಹಾರುತ್ತಿದೆ. ಒಳಗೆ, ಹಳೆಯ ಲಾರಿ ಟ್ಯೂಬಿನ ತುಂಡನ್ನು ನೆಲಕ್ಕೆ ಹಾಸಿಕೊಂಡು ಏಕನಾಥ ಕುಳಿತಿದ್ದಾರೆ. ಎದುರಿಗೆ ಒಂದು ಸ್ಕೂಟರ್. ಅದರ ಹಿಂಗಾಲಿಯ ಎಡಕ್ಕೂ ಬಲಕ್ಕೂ ಇನ್ನೆರಡು ಗಾಲಿ ಕೂಡಿಸಲು ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕುತ್ತಿದ್ದಾರೆ. ಒಂದು ಗೆರೆ ಮುಗಿದ ಕೂಡಲೇ ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಸುತ್ತಿಗೆಯಿಂದ ಕಿಟ್ಟ ಉದುರಿಸಿ, ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಲು ಹೋಗಿ ಬಿಸಿಗೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಇಷ್ಟು ವರ್ಷವಾದರೂ ಆ ಚಾಳಿ ಹೋಗಿಲ್ಲ.

“ಹೊತ್ತು ಏರಿದ ಮ್ಯಾಲ ಎಲ್ಲಾರೂ ಮೋಟಾರ್ ಚಾಲೂ ಮಾಡ್ತಾರ್ರಿ. ವೋಲ್ಟೇಜ್ ಬೀಳ್ತದ. ಆಗ ಬೆಸುಗಿ ಮ್ಯಾಲ ಮ್ಯಾಲ ಕೂಡ್ತದ, ಒಳಗ ಹಿಡಿಯಂಗಿಲ್ಲ. ಕಾಲಿಲ್ಲದವರು ಕೂಡೋ ಗಾಡಿರಿ ಇದು. ನಡು ರಸ್ತಾದಾಗ ಕಳಚಿದ್ರ ಅವ್ರೇನು ಎದ್ದು ಓಡ್ತಾರಾ?” ಎನ್ನುತ್ತಾರೆ. ನಗುವುದಿಲ್ಲ.

ಏಕನಾಥರಿಗೆ ನಲವತ್ತು ದಾಟಿದೆ. ಕೂಸಾಗಿದ್ದಾಗ ಬಂದ ಪೋಲಿಯೊ ಎರಡೂ ಕಾಲುಗಳನ್ನು ಒಣಗಿಸಿಬಿಟ್ಟಿತು. ಶೆಡ್ಡಿನೊಳಗೆ ಅಂಗೈ ಊರಿಕೊಂಡು ಸರಿದಾಡುತ್ತಾರೆ. ಅಂಗೈಗೆ ಹಳೆ ಟೈರು ಕತ್ತರಿಸಿ ಮಾಡಿಕೊಂಡ ಪಟ್ಟಿ. ಹೊರಗೆ ಹೋಗಬೇಕೆಂದರೆ ತಾವೇ ಗಾಲಿ ಜೋಡಿಸಿಕೊಂಡ ಸ್ಕೂಟರ್ ಇದೆ. ಔರಾದ, ಭಾಲ್ಕಿ, ಬೀದರದ ರಸ್ತೆಗಳಲ್ಲಿ ಇಂಥ ಸ್ಕೂಟರ್ ಕಂಡರೆ ಅದು ಈ ಶೆಡ್ಡಿನಿಂದಲೇ ಹೊರಬಿದ್ದಿರುವ ಸಾಧ್ಯತೆ ಹೆಚ್ಚು. ತಿಂಗಳಿಗೆ ಮೂರೋ ನಾಲ್ಕೋ ಬರುತ್ತವೆ. ಉಳಿದ ದಿನಗಳಲ್ಲಿ ಗೇಟು, ಕಿಟಕಿಯ ಸರಳು, ಕುಂಟೆಯ ರಿಪೇರಿ.

ಈ ಏಕನಾಥ ಎಂದೋ ತೀರಿಹೋಗಿದ್ದಾರೆಂದು ಜಿಲ್ಲೆಯ ಬಹಳ ಮಂದಿ ನಂಬಿದ್ದಾರೆ. ಅವರಿಗಾಗಿ ಕಣ್ಣೀರನ್ನೂ ಹಾಕಿದ್ದಾರೆ.

ಎರಡು ವರ್ಷದ ಹಿಂದೆ ‘ಬೆನ್ನು’ ಎಂಬ ಸಿನಿಮಾ ಬಂತು. ಮರಾಠಿಯಲ್ಲಿ ತೆಗೆದದ್ದು, ಕನ್ನಡಕ್ಕೂ ಬಂತು. ಹಳ್ಳಿಯ ಇಬ್ಬರು ಹುಡುಗರ ಗೆಳೆತನದ ಕಥೆ. ಕಾಲಿಲ್ಲದ ಗೆಳೆಯನನ್ನು ಬೆನ್ನ ಮೇಲೆ ಹೊತ್ತುಕೊಂಡು ಒಬ್ಬ ಹುಡುಗ ದಿನವೂ ಶಾಲೆಗೆ ಒಯ್ಯುತ್ತಾನೆ. ಒಂದು ಸಂಜೆ ಅವನು ಬರುವುದು ತಡವಾಗುತ್ತದೆ. ಗೆಳೆಯ ತಾನೇ ತೆವಳಿಕೊಂಡು ಹೊರಟು ತುಂಬಿ ಹರಿಯುವ ಹಳ್ಳದಲ್ಲಿ ಕೊಚ್ಚಿಹೋಗುತ್ತಾನೆ. ಹುಡುಗ ಮಳೆಯಲ್ಲಿ ಓಡೋಡಿ ಬಂದಾಗ ದಂಡೆಯ ಮೇಲೆ ಅವನು ಬರೆಯುವ ಪಾಟಿ ಮಾತ್ರ ಬಿದ್ದಿರುತ್ತದೆ. ಆ ದುಃಖದಲ್ಲೇ ಅವನು ದೊಡ್ಡವನಾಗುತ್ತಾನೆ. ಕೊನೆಗೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ: ‘ನನ್ನ ಬಾಲ್ಯದ ಗೆಳೆಯ ಏಕನಾಥನ ನೆನಪಿಗೆ.’

“ನೆನಪಿಗೆ ಅಂತ ಬರಿಯೋದು ಸತ್ತವರಿಗೇ ಅಲ್ರಿ?” ಎಂದು ಏಕನಾಥ ಕೇಳುತ್ತಾರೆ. ಉತ್ತರಕ್ಕೆ ಕಾಯದೆ ಮತ್ತೆ ಕನ್ನಡಕ ಇಳಿಸಿಕೊಳ್ಳುತ್ತಾರೆ.

ಸಿನಿಮಾ ಮಾಡಿದವರು ಅಜಿಂಕ್ಯ. ಈಗ ಪುಣೆಯಲ್ಲಿರುತ್ತಾರೆ. ಅವರಿಬ್ಬರೂ ಒಂದೇ ಊರಲ್ಲಿ ಬೆಳೆದದ್ದು ನಿಜ, ಗೆಳೆಯರಾಗಿದ್ದದ್ದೂ ನಿಜ. ಅದನ್ನು ಏಕನಾಥ ಎಂದೂ ಅಲ್ಲಗಳೆಯುವುದಿಲ್ಲ.

ಎಕಂಬಾ ರಸ್ತೆಯಿಂದ ಒಳಗೆ ಸರಿದ ಸಣ್ಣ ಊರು ಅದು. ಊರಿನ ಶಾಲೆಗೂ ಏಕನಾಥರ ಮನೆಗೂ ನಡುವೆ ಒಂದು ಹಳ್ಳ, ಹಳ್ಳದಾಚೆ ಜೋಳದ ಹೊಲ. ತಂದೆ ಧೊಂಡಿಬಾ ಕೂಲಿಗೆ ಹೋಗುವಾಗ ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಂದು ಶಾಲೆಯ ಪಡಸಾಲೆಯಲ್ಲಿ ಇಳಿಸುತ್ತಿದ್ದರು. ಅಜಿಂಕ್ಯ ಅಂಚೆ ಮಾಸ್ತರರ ಮಗ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಮಾತಾಡಲು ಬಾಯಿ ತೆರೆದರೆ ಹುಡುಗರು ಗೊಳ್ಳೆಂದು ನಗುತ್ತಿದ್ದರು. ಅವನಿಗೆ ಆಟಕ್ಕೆ ಯಾರೂ ಇಲ್ಲ, ಇವನಿಗೆ ಆಟವೇ ಇಲ್ಲ. ಮೂರನೇ ಇಯತ್ತೆಯಲ್ಲಿ ಇಬ್ಬರೂ ಒಂದೇ ಮೂಲೆಗೆ ಬಂದು ಕೂತರು. ಸಂಜೆ ತಂದೆ ಬರುವುದು ತಡವಾದಾಗ ಒಂದು ದಿನ ಅಜಿಂಕ್ಯ ಬಗ್ಗಿ ನಿಂತು “ಏರು” ಅಂದ. ಹಾಗೆ ಶುರುವಾಯಿತು.

“ಅಂವ ನನ್ನ ಕಾಲು, ನಾ ಅವನ ಕೈ ಆಗಿದ್ದೆ” ಎಂದು ಏಕನಾಥ ನೆನೆಯುತ್ತಾರೆ. “ಅವನ ಬೆನ್ನ ಮ್ಯಾಲ ಕೂತು ಹುಣಸಿಕಾಯಿ ಹರೀತಿದ್ದೆ. ಕಡ್ಲಿ ಹೊಲಕ್ಕ ಹೋಗಿ ಗಿಡ ಕಿತ್ತು ಸುಟ್ಟು ತಿಂತಿದ್ವಿ. ಹೊಲದ ಮಾಲಕ ಬಂದ್ರ ನಾ ಮೊದ್ಲ ನೋಡಿ ಅವನ ಕಿವಿ ಹಿಂಡ್ತಿದ್ದೆ, ಅಂವ ಓಡ್ತಿದ್ದ. ಇದೆಲ್ಲ ಸಿನಿಮಾದಾಗ ಅದರಿ. ಛಲೋ ತೆಗದಾನ. ಸುಳ್ಳು ಯಾಕ ಹೇಳ್ಲಿ, ಅದನ್ನ ನೋಡಿ ನಾನೂ ನಕ್ಕೀನಿ.”

ಐದನೇ ಇಯತ್ತೆಗೆ ಬರುವ ಹೊತ್ತಿಗೆ ಅಜಿಂಕ್ಯನಿಗೆ ಕನ್ನಡ ಬಂದಿತ್ತು. ಬೇರೆ ಹುಡುಗರು ಸೇರಿಸಿಕೊಳ್ಳತೊಡಗಿದ್ದರು. ಅದರ ಜೊತೆಗೆ ಒಂದು ಅಡ್ಡಹೆಸರೂ ಬಂತು: ಕತ್ತಿ. ಕತ್ತೆಗೆ ಅಲ್ಲಿಯ ಮಾತಿನಲ್ಲಿ ಹಾಗೇ ಅನ್ನುವುದು. ಏಕನಾಥನನ್ನು ಹೊತ್ತು ಹೊರಟರೆ ಹಿಂದಿನಿಂದ ಹುಡುಗರು ಕತ್ತೆಯಂತೆ ಕೂಗುತ್ತಿದ್ದರು. ಒಂದು ಮಧ್ಯಾಹ್ನ ಶಾಲೆ ಬಿಟ್ಟಾಗ ಅಜಿಂಕ್ಯ ಅವನನ್ನು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಇಳಿಸಿದ. “ಈಗ ಬರ್ತೀನಿ” ಎಂದು ಕ್ರಿಕೆಟ್ ಆಡುತ್ತಿದ್ದವರ ಕಡೆ ಹೋದ.

ಅವತ್ತು ಮಳೆ ಇರಲಿಲ್ಲ. ಹಳ್ಳದಲ್ಲಿ ನೀರೂ ಇರಲಿಲ್ಲ. ಆಟ ಮುಗಿದು ಹುಡುಗರು ಬೇರೆ ದಾರಿಯಿಂದ ಮನೆಗೆ ಹೋದರು. ಹೊತ್ತು ಇಳಿಯುವವರೆಗೆ ಕಾದ ಏಕನಾಥ ಕಟ್ಟೆಯಿಂದ ಜಾರಿ, ಕೈ ಊರಿಕೊಂಡು ಹೊರಟ. ಜೋಳ ಕೊಯ್ದ ಹೊಲ. ನೆಲದಿಂದ ಎದ್ದು ನಿಂತ ಒಣ ಕೂಳೆಗಳು ಅಂಗೈಗೂ ತೊಡೆಗೂ ಚುಚ್ಚುತ್ತಿದ್ದವು. ಅರ್ಧ ಹೊಲ ದಾಟುವಷ್ಟರಲ್ಲಿ ಎದುರಿಗೆ ಅಕ್ಕ ಹೀರಾಬಾಯಿ ಹುಡುಕಿಕೊಂಡು ಬಂದಳು. ತಮ್ಮನ ಕೈ ನೋಡಿದಳು. ಕುಕ್ಕರುಗಾಲಲ್ಲಿ ಕೂತು ಬೆನ್ನು ಕೊಟ್ಟಳು.

“ಸಿನಿಮಾದೊಳಗ ಅಂವ ಓಡಿ ಬರ್ತಾನ್ರಿ” ಎನ್ನುತ್ತಾರೆ ಏಕನಾಥ. “ಎಲ್ಲಾರೂ ಅಳೋದು ಅಲ್ಲೇ. ಖರೇ ಅಂದ್ರ, ಅಂವ ಬರಲೇ ಇಲ್ಲ. ಮರುದಿನ ನನ್ನ ಮೂಲಿಗೂ ಬರಲಿಲ್ಲ. ಸಣ್ಣ ಹುಡುಗ, ಬಿಡ್ರಿ. ಹುಡುಗರಿಗೆ ನಾಚಿಕಿ ಇರ್ತದ. ಅದನ್ನ ನಾ ಎಂದೋ ಮಾಫ್ ಮಾಡೀನಿ. ಆದ್ರ ಅದನ್ನ ಮಳಿಯೊಳಗ ತೊಳದು, ಛಂದ ಮಾಡಿ ಊರಿಗೆಲ್ಲ ತೋರಿಸಿದ್ನಲ್ಲ, ಅದನ್ನ ಮಾಫ್ ಮಾಡೋದು ನನ್ನ ಕೈಲಿ ಆಗವಲ್ದು.”

ಹೀರಾಬಾಯಿ ಏಕನಾಥರಿಗಿಂತ ಮೂರು ವರ್ಷಕ್ಕೆ ದೊಡ್ಡವರು. ಆ ವರ್ಷ ಏಳನೆಯದನ್ನು ಪಾಸು ಮಾಡುವುದರಲ್ಲಿದ್ದರು. ಜೂನ್ ತಿಂಗಳಿಂದ ಓಣಿಯ ಇನ್ನಿಬ್ಬರು ಹುಡುಗಿಯರ ಜೊತೆ ಠಾಣಾ ಕುಶನೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಬೇಕೆಂದು ಮಾತಾಗಿತ್ತು. ಅಷ್ಟರಲ್ಲಿ ಧೊಂಡಿಬಾ ದೂರದ ಇಟ್ಟಂಗಿ ಭಟ್ಟಿಗೆ ಕೆಲಸಕ್ಕೆ ಹೋಗತೊಡಗಿದರು. ಮಗನನ್ನು ಶಾಲೆಗೆ ಒಯ್ಯುವವರು ಯಾರೂ ಉಳಿಯಲಿಲ್ಲ. ಮನೆಯಲ್ಲಿ ಯಾರೂ ಜಗಳವಾಡಲಿಲ್ಲ, ಯಾರೂ ಅವರನ್ನು ಒತ್ತಾಯಿಸಲೂ ಇಲ್ಲ. ಹುಡುಗಿಯರಿಬ್ಬರೂ ಬಸ್ಸು ಹತ್ತಿದ ದಿನ ಹೀರಾಬಾಯಿ ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಹಳ್ಳ ಇಳಿದರು. ಏಕನಾಥ ಏಳನೆಯದನ್ನು ಮುಗಿಸುವವರೆಗೂ ಇಳಿದರು. ಮಳೆಗಾಲದಲ್ಲಿ ನೀರು ಮೊಣಕಾಲು ದಾಟಿದರೆ ಸೀರೆಯ ತುಂಡಿನಿಂದ ತಮ್ಮನನ್ನು ತಮ್ಮ ಸೊಂಟಕ್ಕೆ ಬಿಗಿದು ಕಟ್ಟಿಕೊಳ್ಳುತ್ತಿದ್ದರು.

ಶಾಲೆ ಬಿಡುವವರೆಗೆ ಆಕೆ ಪಡಸಾಲೆಯಲ್ಲೇ ಕಾಯಬೇಕು. ಸುಮ್ಮನೆ ಕೂತವಳನ್ನು ಕಂಡು ಶಿವರಾಜಪ್ಪ ಮಾಸ್ತರರು ಕಸ ಹೊಡೆಯಲು ಹಚ್ಚಿದರು. ಆಮೇಲೆ ಬಾವಿಯಿಂದ ನೀರು ತರಲು. ಆಮೇಲೆ ತಮ್ಮ ಮನೆಯ ತೊಗರಿ ಹಸನು ಮಾಡಲು. ಹಸನು ಮಾಡುತ್ತಲೇ ಆಕೆ ಕಿಟಕಿಯಿಂದ ಕೇಳಿದ ಪಾಠವನ್ನು ದಾರಿಯಲ್ಲಿ ತಮ್ಮನಿಗೆ ತಿರುಗಿ ಹೇಳುತ್ತಿದ್ದರು. “ಅರ್ಧ ನಾ ಸಾಲ್ಯಾಗ ಕಲ್ತೀನಿ, ಅರ್ಧ ಅಕ್ಕನ ಬೆನ್ನ ಮ್ಯಾಲ” ಎನ್ನುತ್ತಾರೆ ಏಕನಾಥ.

ಏಳನೆಯದು ಮುಗಿದ ಮೇಲೆ ಏಕನಾಥರನ್ನು ಕೆಲಸಕ್ಕೆ ಹಚ್ಚಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ದರ್ಜಿಯವರು ಹೊಲಿಗೆ ಯಂತ್ರಕ್ಕೆ ಕಾಲು ಬೇಕೆಂದರು. ಕಿರಾಣಿಯವರು ಮೂಟೆ ಎತ್ತಬೇಕೆಂದರು. ಬೀದರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಖಾಸಿಂ ಅಲಿ ಮಾತ್ರ ಬಾಗಿಲಲ್ಲಿ ಬಂದು ಕೂತ ಹುಡುಗನ ತೋಳು ಮುಟ್ಟಿ ನೋಡಿ, “ಯೇ ಹಾತ್ ಕಾ ಕಾಮ್ ಹೈ, ಅಂದರ್ ಆಜಾ” ಅಂದರು: ಇದು ಕೈಯ ಕೆಲಸ, ಒಳಗೆ ಬಾ. ಬೆಂಚಿನ ಎತ್ತರದ ಕೆಲಸವನ್ನೆಲ್ಲ ಅವನಿಗಾಗಿ ನೆಲಕ್ಕಿಳಿಸಿದರು. ಉಸ್ತಾದ್ ತೀರಿಕೊಂಡ ಮೇಲೆ ಏಕನಾಥ ಔರಾದಕ್ಕೆ ಬಂದು ಸ್ವಂತ ಶೆಡ್ಡು ಹಾಕಿದರು.

ಅದೇ ಶೆಡ್ಡಿನ ಮುಂದೆ ಒಂದು ದಿನ ಪುಣೆಯ ಕಾರು ಬಂದು ನಿಂತಿತು. ಅಜಿಂಕ್ಯ ಇಳಿದು ಬಂದು ನೆಲದ ಮೇಲೇ ಕೂತು ಅಪ್ಪಿಕೊಂಡರು. ನಮ್ಮಿಬ್ಬರ ಕಥೆಯನ್ನು ಸಿನಿಮಾ ಮಾಡುತ್ತಿದ್ದೇನೆ, ನಿನ್ನ ಪಾತ್ರದ ಹುಡುಗನಿಗೆ ನಿನ್ನ ಹಾಗೆ ಸರಿಯುವುದನ್ನು ಕಲಿಸಿಕೊಡು ಅಂದರು. ಏಕನಾಥ ಒಂದು ವಾರ ಶೆಡ್ಡಿನ ಬಾಗಿಲು ಹಾಕಿದರು. ಗಟ್ಟಿಮುಟ್ಟಾದ ಕಾಲಿದ್ದ ಆ ಪುಣೆಯ ಹುಡುಗನಿಗೆ ಅಂಗೈ ಹೇಗೆ ಊರಬೇಕು, ಸೊಂಟ ಹೇಗೆ ಎಳೆದುಕೊಳ್ಳಬೇಕು, ಮೆಟ್ಟಿಲನ್ನು ಹಿಂದುಮುಂದಾಗಿ ಹೇಗೆ ಏರಬೇಕು ಎಂದು ತೋರಿಸಿದರು. ಕಥೆ ಹೇಗೆ ಮುಗಿಯುತ್ತದೆಂದು ಅವರೂ ಕೇಳಲಿಲ್ಲ, ಅಜಿಂಕ್ಯರೂ ಹೇಳಲಿಲ್ಲ.

“ಅಕ್ಕನ ಪಾರ್ಟು ಯಾರು ಮಾಡ್ಯಾರಂತ ಒಮ್ಮಿ ಕೇಳ್ಬೇಕಂತ ಮಾಡಿದ್ದೆ” ಎನ್ನುತ್ತಾರೆ. “ಭಾಳ ಗಡಿಬಿಡ್ಯಾಗ ಇದ್ದ. ಇರ್ತದ ಬಿಡು, ಇಲ್ದೇ ಹ್ಯಾಂಗ ಅಂತ ಸುಮ್ಮನಾದೆ.”

ಬೀದರದ ಟಾಕೀಸಿನಲ್ಲಿ ಮೊದಲ ಆಟಕ್ಕೆ ಅವರನ್ನೂ ಕರೆದಿದ್ದರು. ಮೆಟ್ಟಿಲುಗಳಿದ್ದವು, ಇಬ್ಬರು ಎತ್ತಿ ಕುರ್ಚಿಗೆ ಕೂಡಿಸಿದರು. ಹುಣಸೆ ಮರದ ಹತ್ತಿರ ಏಕನಾಥ ನಕ್ಕರು. ಕತ್ತೆಯ ಕೂಗು ಸಿನಿಮಾದಲ್ಲಿ ಬರಲೇ ಇಲ್ಲ. ಹಳ್ಳ ತುಂಬಿ ಬಂತು. ತಾವು ಕಲಿಸಿದ ರೀತಿಯಲ್ಲೇ ಸೊಂಟ ಎಳೆದುಕೊಂಡು ಹುಡುಗ ನೀರಿಗಿಳಿದ. ಪಕ್ಕದ ಕುರ್ಚಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಯಾರೆಂದು ತಿಳಿಯದೆ ಇವರಿಗೇ ಹೇಳಿದರು: “ಪಾಪ, ಬದುಕಿದ್ರೂ ಏನು ಸುಖ ಪಡ್ತಿತ್ತು ಕೂಸು.”

ಆಟ ಬಿಟ್ಟ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಏಕನಾಥರ ಹತ್ತಿರ ಅಜಿಂಕ್ಯ ಬಂದರು.

“ಅಜ್ಯಾ, ನನ್ನ ಯಾಕ ಸಾಯಿಸಿದ್ಯೋ?”

“ಏಕ್ಯಾ, ಅದು ನೀನಲ್ಲೋ. ಅದು ಪಾತ್ರ.”

“ಕಡಿಗಿ ಹೆಸರು ನಂದೇ ಹಾಕೀದಿ.”

“ಕಥಿಗೆ ಬೇಕಾಗಿತ್ತು. ಅಂವ ಸಾಯಲಿಲ್ಲಂದ್ರ ಸಿನಿಮಾ ಎಲ್ಲಿ ಮುಗಸ್ಲಿ ಹೇಳು?”

“ನಮ್ಮ ಅಕ್ಕ ಎಲ್ಲಿ?”

ಅಜಿಂಕ್ಯ ಟೀವಿಯವರು ನಿಂತ ಕಡೆ ನೋಡಿದರು. “ಇಬ್ಬರು ಹುಡುಗರ ಕಥಿ ಅದು. ನಡುವ ಮತ್ತೊಬ್ಬರು ಬಂದ್ರ ನೋಡೋರ ಮನಸ್ಸು ಹರೀತದ” ಅಂದರು. ಅಷ್ಟರಲ್ಲಿ ಟೀವಿಯವರು ಕರೆದರು. “ಈಗ ಬರ್ತೀನಿ” ಎಂದು ಹೋದರು. ಏಕನಾಥ ಕಾಯಲಿಲ್ಲ. ಸ್ಕೂಟರ್ ಚಾಲೂ ಮಾಡಿಕೊಂಡು ಔರಾದದ ದಾರಿ ಹಿಡಿದರು.

ಅಲ್ಲಿಗೆ ಮುಗಿದಿದ್ದರೆ ಆಗುತ್ತಿತ್ತು. ಮುಗಿಯಲಿಲ್ಲ. ಕೆಲವು ದಿನಗಳಲ್ಲಿ ಶಿವರಾಜಪ್ಪ ಮಾಸ್ತರರು ಟೀವಿಯಲ್ಲಿ ಕಾಣಿಸಿಕೊಂಡರು. ಈಗ ನಿವೃತ್ತರು, ಬಿಳಿ ಟೋಪಿ. ಅಜಿಂಕ್ಯ ಆ ಮಗುವನ್ನು ಹೊತ್ತು ಹಳ್ಳ ದಾಟುತ್ತಿದ್ದದ್ದನ್ನು ವರ್ಷಗಟ್ಟಲೆ ಕಣ್ಣಾರೆ ಕಂಡಿದ್ದೇನೆ ಎಂದರು. ಊರಿನ ಹಿರಿಯರೂ ಹೌದು ಹೌದು ಎಂದು ತಲೆಯಾಡಿಸಿದರು. ಹಬ್ಬಕ್ಕೆ ಊರಿಗೆ ಹೋದ ಏಕನಾಥ ಹನುಮಂತ ದೇವರ ಗುಡಿಯ ಮುಂದೆ ಕೂತವರನ್ನು ನೇರವಾಗಿ ಕೇಳಿದರು: ನನ್ನನ್ನು ಹೊತ್ತವರು ಯಾರು? “ಅಜಿಂಕ್ಯನೇ ಅಲ್ಲೇನು” ಅಂದರು. ಸುಳ್ಳು ಹೇಳುತ್ತಿದ್ದೇವೆಂಬ ಅಳುಕು ಒಬ್ಬರ ಮುಖದಲ್ಲೂ ಇರಲಿಲ್ಲ. ಅವರಿಗೆ ಹಾಗೇ ನೆನಪಿತ್ತು.

“ಮೊದ್ಲ ನನಗ ಅಜ್ಯಾನ ಮ್ಯಾಲ ಸಿಟ್ಟಿತ್ರಿ. ಅವತ್ತಿನಿಂದ ಹೆದರಿಕಿ ಬಂದದ” ಎನ್ನುತ್ತಾರೆ. “ಮಂದಿ ಕಣ್ಣಿನಾಗಿನದೇ ಅಳಿಸಿ ಬ್ಯಾರೇದು ಬರದಾರಲ್ರಿ.”

ಕಳೆದ ವರ್ಷ ಭಾಲ್ಕಿಯ ಒಂದು ಖಾಸಗಿ ಶಾಲೆಗೆ, ಅಲ್ಲಿಯ ಶಿಕ್ಷಕಿಯೊಬ್ಬರ ಸ್ಕೂಟರಿನ ಗಾಲಿ ಸರಿಮಾಡಲು ಹೋಗಿದ್ದರು. ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಸಿನಿಮಾದ ಆ ಹುಡುಗನ ಚಿತ್ರಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿದ್ದರು. ಒಬ್ಬ ಹುಡುಗಿ ಅಗಲಿದ ಗೆಳೆಯ ಏಕನಾಥನ ಬಗ್ಗೆ ಭಾಷಣ ಮಾಡುತ್ತಿದ್ದಳು. ಏಕನಾಥ ಸ್ಕೂಟರಿನ ಹಿಂದೆ ನೆಲಕ್ಕೆ ಕೂತು ನಟ್ಟು ಬಿಗಿಯುತ್ತ ಕೊನೆಯವರೆಗೂ ಕೇಳಿದರು. ಹೇಳಿಕೊಳ್ಳಬೇಕೆನಿಸಲಿಲ್ಲವೇ ಎಂದರೆ, “ಆ ಹುಡುಗಿ ಛಲೋ ಮಾತಾಡ್ಲಿಕತ್ತಿತ್ತು. ನಾ ಎದ್ದು, ಸತ್ತಾಂವ ನಾನೇ ಅಂದ್ರ ಹೆದರ್ತಿತ್ತು” ಎನ್ನುತ್ತಾರೆ.

ಹೀರಾಬಾಯಿ ಈಗ ಠಾಣಾ ಕುಶನೂರಿನಲ್ಲಿರುತ್ತಾರೆ. ಮದುವೆಯಾಗಿ ಹೋದದ್ದು ಅದೇ ಊರಿಗೆ. ಅಂದು ಹೈಸ್ಕೂಲಿಗೆ ಬಸ್ಸು ಹತ್ತಿದ ಇಬ್ಬರಲ್ಲಿ ಒಬ್ಬರು ಈಗ ಬೀದರದಲ್ಲಿ ನೌಕರಿಯಲ್ಲಿದ್ದಾರೆ. ಹೀರಾಬಾಯಿ ಮಕ್ಕಳ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅನ್ನದ ಬೋಗುಣಿ ಎತ್ತಲು ಈಗ ಇನ್ನೊಬ್ಬರು ಬೇಕು. ಬೀದರದ ಡಾಕ್ಟರರು ಬೆನ್ನಿನ ಎಲುಬು ಸವೆದಿದೆ, ಸಣ್ಣ ವಯಸ್ಸಿನಲ್ಲಿ ಏನಾದರೂ ಭಾರ ಹೊರುತ್ತಿದ್ದಿರಾ ಎಂದು ಕೇಳಿದರಂತೆ. “ಏನೂ ಇಲ್ರಿ ಅಂದೆ” ಎನ್ನುತ್ತಾರೆ ಆಕೆ. ಮಾತು ಕಡಿಮೆ. “ತಮ್ಮನ್ನ ಭಾರ ಅಂತ ಹ್ಯಾಂಗ ಬರಸ್ಲಿ?”

ಸಿನಿಮಾವನ್ನು ಆಕೆ ನೋಡಿದ್ದು ನೆರೆಮನೆಯ ಮೊಬೈಲಿನಲ್ಲಿ. ತಮ್ಮನ ಕಥೆಯೆಂದು ಓಣಿಯ ಹೆಂಗಸರೆಲ್ಲ ಸೇರಿದ್ದರು. ಹಳ್ಳ ಬಂದಾಗ ಹೀರಾಬಾಯಿ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿ ಕೂತರು. ತಮ್ಮ ಕೊಚ್ಚಿಹೋದ. ಪರದೆಯ ಮೇಲೆ ಅಕ್ಷರಗಳು ಏರತೊಡಗಿದವು. “ಮುಂದ?” ಅಂದರಂತೆ. “ಮುಗೀತ್ರಿ ಅಕ್ಕಾ” ಅಂದರು ನೆರೆಯವರು. “ನಾ ಯಾವಾಗ ಬರ್ತೀನಿ?” ಎಂದು ಕೇಳಿದರಂತೆ ಹೀರಾಬಾಯಿ.

ಇದನ್ನು ನೆರೆಯವರು ನಗುತ್ತ ಹೇಳಿದ್ದು. ಏಕನಾಥ ಅವತ್ತು ನಗಲಿಲ್ಲ.

ಈ ಚಳಿಗಾಲದಲ್ಲಿ ಬೀದರದ ಒಂದು ಸಂಘದವರು ಅಜಿಂಕ್ಯರಿಗೆ ಸನ್ಮಾನ ಇಟ್ಟುಕೊಂಡರು. ಅಜಿಂಕ್ಯ ಫೋನು ಮಾಡಿದರು. “ನೀ ಬಾ, ಏಕ್ಯಾ. ಎಲ್ಲಾ ಮುಗಿದ ಮ್ಯಾಲ ನಿನ್ನ ಸ್ಟೇಜಿಗೆ ಕರೀತೀನಿ. ಬದುಕ್ಯಾನ ಅಂತ ಗೊತ್ತಾದ್ರ ಮಂದಿ ಎದ್ದು ನಿಂತು ಚಪ್ಪಾಳಿ ಹೊಡೀತಾರ, ನೋಡು.”

“ಬರ್ತೀನಿ” ಅಂದರು ಏಕನಾಥ. “ಅಕ್ಕನೂ ಬರ್ತಾಳ. ನನ್ನ ಹೊತ್ತಾಕಿ ಆಕಿ ಅಂತ ನೀ ಮೈಕಿನಾಗ ಹೇಳ್ಬೇಕು. ಗುಡಿ ಕಟ್ಟಿ ಮ್ಯಾಲ ಬಿಟ್ಟು ಹೋಗಿದ್ದು ಹೇಳೋದು ಬ್ಯಾಡ. ಇದಿಷ್ಟೇ ಹೇಳು.”

“ನೋಡ್ತೀನಿ, ಕಾರ್ಯಕ್ರಮದವರಿಗೆ ಕೇಳಿ ಹೇಳ್ತೀನಿ” ಎಂದು ಅಜಿಂಕ್ಯ ಫೋನು ಇಟ್ಟರು. ಮತ್ತೆ ಫೋನು ಬರಲಿಲ್ಲ. ಸನ್ಮಾನದ ದಿನ ಏಕನಾಥ ಬೆಳಗಿನಿಂದ ಸಂಜೆಯವರೆಗೆ ಯಾರದೋ ಮನೆಯ ಗೇಟಿಗೆ ಬೆಸುಗೆ ಹಾಕಿದರು. ಹೀರಾಬಾಯಿಗೆ ಈ ವಿಷಯವನ್ನೇ ತಿಳಿಸಲಿಲ್ಲ.

ಈಗ ಬಿಸಿಲು ಶೆಡ್ಡಿನ ತಗಡಿಗೆ ಬಂದಿದೆ. ಸ್ಕೂಟರಿನ ಒಡತಿ ಮೇಘಾ ಬಂದು ನಿಂತಿದ್ದಾರೆ. ಒಂದು ಕಾಲು ಸೊರಗಿದ ಅವರು ಮುಂದಿನ ವಾರದಿಂದ ಬೀದರಕ್ಕೆ ಕೆಲಸಕ್ಕೆ ಹೋಗಬೇಕು. ಹತ್ತಿ ಕೂತು, ಎಡಕ್ಕೂ ಬಲಕ್ಕೂ ಮೈ ತೂಗಿ ನೋಡುತ್ತಾರೆ. ಗಾಡಿ ಅಲುಗುವುದಿಲ್ಲ. ರಸ್ತೆಗಿಳಿದು, ತಿರುವಿನವರೆಗೆ ಹೋಗಿ ಮರಳುತ್ತಾರೆ. “ಛಲೋ ಆಗ್ಯಾದ್ರಿ, ಅಣ್ಣಾ” ಎನ್ನುತ್ತಾರೆ. ಏಕನಾಥ ಅಂಗೈ ಊರಿ ಹತ್ತಿರ ಹೋಗಿ, ಆರಿದ ಬೆಸುಗೆಗಳ ಮೇಲೆ ಒಮ್ಮೆ ಬೆರಳು ಆಡಿಸಿ, ಹೋಗಬಹುದು ಎಂದು ತಲೆಯಾಡಿಸುತ್ತಾರೆ.

ಪೇಪರಿನಲ್ಲಿ ತಮ್ಮ ಬಗ್ಗೆ ಏನು ಬರೆಯಬೇಕೆಂದು ಕೇಳಿದರೆ ಅವರು ಹಣೆಯ ಮೇಲಿನ ಕನ್ನಡಕ ತೆಗೆದು ಕೆಳಗಿಡುತ್ತಾರೆ.

“ನನ್ನ ಹೊತ್ತಾಕಿ ಹೀರಾಬಾಯಿ ಅಂತ ಬರೀರಿ. ಧೊಂಡಿಬಾನ ಮಗಳು ಅಂತನೂ ಹಾಕ್ರಿ, ಇಲ್ಲಂದ್ರ ಮಂದಿ ಬ್ಯಾರೆ ಯಾರೋ ಅನ್ಕೋತಾರ” ಎನ್ನುತ್ತಾರೆ. “ನಾ ಬದುಕೀನಿ ಅಂತ ಬರೀದಿದ್ರೂ ನಡೀತದರಿ.”